ಮೋಟು ರಾಡಿನ ನಂಬರು

ವೆಲ್ಡಿಂಗ್ ರಾಡಿನ ನಂಬರು ಅಚ್ಚಾಗಿರುವುದು ಹೋಲ್ಡರ್ ಕಚ್ಚುವ ತುದಿಯ ಪಕ್ಕದಲ್ಲೇ. ಹಾಗಾಗಿ ರಾಡು ಉರಿಯುತ್ತಾ ಉರಿಯುತ್ತಾ ಬೆರಳುದ್ದಕ್ಕೆ ಬಂದು ನಿಂತಾಗಲೂ ನಂಬರು ಉಳಿದಿರುತ್ತದೆ. ಬೀಡಿ ಸೇದುವವರು ಮೋಟು ಎನ್ನುವ ಹಾಗೆ ನಾವೂ ಅದನ್ನು ಮೋಟು ಎನ್ನುತ್ತಿದ್ದೆವು. ನನ್ನ ದುಡಿಮೆಯ ಮೊದಲ ಎರಡು ವರ್ಷ ಕಳೆದದ್ದು ಇಂಥ ಮೋಟುಗಳನ್ನು ಎಣಿಸುವುದರಲ್ಲಿ.

1993ರಲ್ಲಿ ಐ.ಟಿ.ಐ. ವೆಲ್ಡರ್ ಟ್ರೇಡ್ ಮುಗಿಸಿ ಮಲೆನಾಡಿನ ಒಂದು ಜಲವಿದ್ಯುತ್ ಕಾಮಗಾರಿಯಲ್ಲಿ ಗುತ್ತಿಗೆದಾರರೊಬ್ಬರ ಕೈಕೆಳಗೆ ಸೇರಿದೆ. ಹೋಲ್ಡರ್ ಹಿಡಿಯುವ ಆಸೆಯಿಂದ ಹೋದವನಿಗೆ ಸಿಕ್ಕಿದ್ದು ರಾಡ್ ಸ್ಟೋರು. ತಗಡಿನ ಶೆಡ್ಡು, ಹಲಗೆಗಳ ಮೇಲೆ ಪೇರಿಸಿದ ಪ್ಯಾಕೆಟ್ಟುಗಳು, ಎರಡು ಓವನ್ನು, ಒಂದು ಮೇಜು, ಎರಡು ರಿಜಿಸ್ಟರು. ಬೆಟ್ಟದ ಮೇಲಿನ ನೀರನ್ನು ಟರ್ಬೈನಿಗೆ ಇಳಿಸುವ ಪೆನ್‌ಸ್ಟಾಕ್ ಕೊಳವೆಯ ಕೆಲಸ ಅದು. ಒಳಗೆ ಆಳು ನೆಟ್ಟಗೆ ನಿಂತು ಕೈ ಎತ್ತಿದರೂ ಮೇಲ್ಭಾಗ ಎಟುಕದಷ್ಟು ದೊಡ್ಡ ಉಕ್ಕಿನ ಕೊಳವೆ. ಬೆಳಿಗ್ಗೆ ಪ್ರತಿ ವೆಲ್ಡರಿಗೆ ಎಣಿಸಿ ರಾಡು ಕೊಡಬೇಕು, ಯಾವ ಜಾಯಿಂಟಿಗೆ ಎಂದು ಬರೆದುಕೊಳ್ಳಬೇಕು. ಸಂಜೆ ಮೋಟುಗಳನ್ನೂ ಉಳಿದ ರಾಡುಗಳನ್ನೂ ವಾಪಸು ಪಡೆದು ಲೆಕ್ಕ ಸರಿಹೊಂದಿಸಬೇಕು. ಕಳ್ಳತನ ತಡೆಯಲು ಈ ಲೆಕ್ಕ ಅಂದುಕೊಂಡಿದ್ದೆ. ಬೇರೆ ಜಾತಿಯ ರಾಡು ಆ ಕೊಳವೆಯೊಳಗೆ ಹೋಗಕೂಡದು, ನಮ್ಮ ರಾಡು ಒದ್ದೆ ನೆಲದ ಮೇಲೆ ಬಿದ್ದಿದ್ದು ಮಾರನೆಯ ದಿನ ಮತ್ತೆ ಹೋಲ್ಡರಿಗೆ ಏರಕೂಡದು ಎಂಬುದು ಅದರ ಅರ್ಥವೆಂದು ತಿಳಿಯಲು ತಡವಾಯಿತು.

ಓದುವುದನ್ನು ಕಲಿಸಿದವರು ಮೇಸ್ತ್ರಿ. ಕೊಲ್ಲಂ ಕಡೆಯವರು, ಮೂವತ್ತು ವರ್ಷ ಹೋಲ್ಡರ್ ಹಿಡಿದ ಕೈ. ಕನ್ನಡ ಚೆನ್ನಾಗಿಯೇ ಆಡುತ್ತಿದ್ದರು, ನನ್ನನ್ನು ಮಾತ್ರ ಮಲಯಾಳದಲ್ಲಿ ‘ಮೋನೇ’, ಅಂದರೆ ಮಗನೇ, ಎಂದೇ ಕರೆಯುತ್ತಿದ್ದರು. ಒಂದು ದಿನ ಚಹಾದ ಹೊತ್ತಿನಲ್ಲಿ ಮೂರು ಮೋಟುಗಳನ್ನು ಮೇಜಿನ ಮೇಲಿಟ್ಟು, ‘ಓದು’ ಎಂದರು. 6013, 7018, 6010. ಓದಿದೆ. ‘ಇದು ಓದಿದ್ದಲ್ಲ, ಉಚ್ಚಾರ ಮಾಡಿದ್ದು’ ಎಂದು ನಕ್ಕು ಪಕ್ಕದಲ್ಲಿ ಕುಳಿತರು.

ಮೊದಲ ಎರಡು ಅಂಕಿ ಶಕ್ತಿಯದು. 60 ಎಂದರೆ ಚದರ ಅಂಗುಲಕ್ಕೆ 60,000 ಪೌಂಡು. ಈ ರಾಡಿನಿಂದ ಬಂದ ಲೋಹದಲ್ಲಿ ಅಂಗುಲ ದಪ್ಪ, ಅಂಗುಲ ಅಗಲದ ಕಂಬಿ ಮಾಡಿ ಎಳೆದರೆ ಸುಮಾರು 27 ಟನ್ನಿನವರೆಗೂ ತುಂಡಾಗದೆ ತಡೆಯಬೇಕು. 70 ಎಂದರೆ ಹತ್ತಿರ ಹತ್ತಿರ 32 ಟನ್. ಮೂರನೆಯ ಅಂಕಿ ಕೆಲಸ ಯಾವ ಭಂಗಿಯಲ್ಲಿ ಎಂಬುದಕ್ಕೆ. 1 ಇದ್ದರೆ ನೆಲಕ್ಕೆ, ಗೋಡೆಗೆ, ತಲೆಯ ಮೇಲಕ್ಕೆ ಎಲ್ಲಕ್ಕೂ ಆದೀತು. 2 ಇದ್ದರೆ ಮಲಗಿಸಿದ ಕೆಲಸಕ್ಕೆ ಮಾತ್ರ, ಕರಗಿದ ಲೋಹ ಗೋಡೆಯ ಮೇಲೆ ನಿಲ್ಲದೆ ಜಾರಿಬಿಡುತ್ತದೆ. ನಾಲ್ಕನೆಯ ಅಂಕಿಗೆ ಬರುವಾಗ ಮೇಸ್ತ್ರಿ ಬೆರಳು ಅಡ್ಡ ಇಟ್ಟರು. ‘ಇದನ್ನು ಒಂಟಿಯಾಗಿ ಓದಬೇಡ. ಮೂರನೆಯದರ ಜೊತೆ ಸೇರಿಸಿ ಓದು.’ 10, 13, 18. ರಾಡಿನ ಮೈಮೇಲೆ ಏನು ಬಳಿದಿದ್ದಾರೆ, ಅದಕ್ಕೆ ಯಾವ ಕರೆಂಟು ಒಗ್ಗುತ್ತದೆ ಎಂಬುದೆಲ್ಲ ಆ ಜೋಡಿಯಲ್ಲಿದೆ.

ಒಳಗಿನ ತಂತಿ ಮೂರರಲ್ಲೂ ಹೆಚ್ಚುಕಡಿಮೆ ಒಂದೇ ಮೆದು ಉಕ್ಕು. ಗುಣ ಬದಲಾಗುವುದು ಮೇಲಿನ ಲೇಪದಿಂದ. 6010ರ ಮೈಗೆ ಸೆಲ್ಯುಲೋಸು, ಅಂದರೆ ಮರದ ನಾರಿನ ಪುಡಿ. ಉರಿದಾಗ ಕಾಗದ ಸುಟ್ಟ ವಾಸನೆ, ಹೊಗೆ, ಆಳಕ್ಕೆ ಇಳಿಯುವ ಚೂಪು ಜ್ವಾಲೆ. 6013ರದ್ದು ರುಟೈಲ್, ಟೈಟಾನಿಯಂ ಆಕ್ಸೈಡಿನ ಖನಿಜ. ಸಾಧು ರಾಡು, ಎ.ಸಿ., ಡಿ.ಸಿ. ಎರಡಕ್ಕೂ ಹೊಂದಿಕೊಳ್ಳುತ್ತದೆ, ಬೆಸುಗೆಯ ಮೇಲೆ ಕೂರುವ ಸ್ಲ್ಯಾಗ್ ಎಂಬ ಪದರ ಸಲೀಸಾಗಿ ಏಳುತ್ತದೆ. ನಮ್ಮ ಊರುಗಳ ಗ್ರಿಲ್ಲು, ಗೇಟುಗಳೆಲ್ಲ ಇದರದ್ದೇ. ಚಿಪ್ಪಿಂಗ್ ಸುತ್ತಿಗೆಯಿಂದ 6013ರ ಲೇಪ ಒಡೆದು ಪುಡಿಯನ್ನು ಅಂಗೈಗೆ ಹಾಕಿಕೊಂಡ ಮೇಸ್ತ್ರಿ, ‘ನಮ್ಮ ಚವರದ ಕಡಲ ಮರಳು ಇದರಲ್ಲಿ ಇದ್ದರೂ ಇದ್ದೀತು’ ಎಂದರು. ಕೊಲ್ಲಂ ಜಿಲ್ಲೆಯ ಚವರದ ದಂಡೆಯಲ್ಲಿ ಕರಿ ಮರಳಿದೆ, ಅದರಿಂದ ಇಲ್ಮನೈಟು, ರುಟೈಲು ತೆಗೆಯುತ್ತಾರೆ. ಊರು ಬಿಟ್ಟು ಬಂದ ಮನುಷ್ಯ ಆ ಪುಡಿಯನ್ನು ಉಜ್ಜಿ ನೋಡಿದ ರೀತಿ ನನಗೆ ಇನ್ನೂ ಕಣ್ಣಿಗೆ ಕಟ್ಟಿದೆ.

7018ರದ್ದು ಸುಣ್ಣದ ಕಲ್ಲು ಮತ್ತು ಫ್ಲೋರ್‌ಸ್ಪಾರ್, ಜೊತೆಗೆ ಕಬ್ಬಿಣದ ಪುಡಿ. ಬಾಯಿಲರು, ಸೇತುವೆ, ಪೆನ್‌ಸ್ಟಾಕು, ಎಲ್ಲಿ ಒಡೆದರೆ ಜೀವ ಹೋಗುತ್ತದೋ ಅಲ್ಲಿಗೆಲ್ಲ ಈ ಜಾತಿಯ ರಾಡು. ಲೋ ಹೈಡ್ರೋಜನ್ ರಾಡು ಎಂದು ಎಲ್ಲರೂ ಹೇಳುತ್ತಾರೆ. ಆ ಹೆಸರನ್ನು ನಾನೂ ದಿನಕ್ಕೆ ನೂರು ಸಲ ಹೇಳುತ್ತಿದ್ದೆ.

ಲೇಪ ಬಳಿಯುವ ಉಪಾಯ ಹೊಳೆದದ್ದು ಸ್ವೀಡನ್ನಿನ ಆಸ್ಕರ್ ಷೆಲ್‌ಬೆರ್ಗ್ ಎಂಬ ಹಡಗಿನ ಎಂಜಿನಿಯರಿಗೆ. ಹಡಗುಗಳ ಬಾಯಿಲರ್ ದುರಸ್ತಿ ಮಾಡುತ್ತಿದ್ದಾತ. ಬರಿ ತಂತಿಯ ಬೆಸುಗೆ ಗಾಳಿ ಕುಡಿದು ರಂಧ್ರ ರಂಧ್ರವಾಗುತ್ತಿತ್ತು. ಖನಿಜದ ಪುಡಿ ಮೆತ್ತಿದ ತಂತಿಗೆ 1907ರಲ್ಲಿ ಪೇಟೆಂಟ್ ಪಡೆದ. ಲೇಪ ಉರಿದು ಹೊಮ್ಮುವ ಅನಿಲ ಗಾಳಿಯನ್ನು ದೂರ ಇಡುತ್ತದೆ, ಕರಗಿ ಸ್ಲ್ಯಾಗ್ ಆಗಿ ಬಿಸಿ ಲೋಹದ ಮೇಲೆ ಹೊದಿಕೆಯಾಗುತ್ತದೆ, ಅದರೊಳಗಿನ ಮ್ಯಾಂಗನೀಸು, ಸಿಲಿಕಾನು ಲೋಹದ ಕೊಳೆ ತೆಗೆಯುತ್ತವೆ. ತಾಯಿ ಎಳೆಮಗುವಿಗೆ ಎಣ್ಣೆ ಹಚ್ಚಿ, ನೀರೆರೆದು, ಬಟ್ಟೆ ಸುತ್ತಿ ಮಲಗಿಸುವಷ್ಟು ಆರೈಕೆ ಕೆಲವೇ ಸೆಕೆಂಡಿನಲ್ಲಿ ನಡೆದುಹೋಗುತ್ತದೆ.

ನಮ್ಮ ಪ್ಯಾಕೆಟ್ಟಿನ ಮೇಲೆ 7018ರ ಕೆಳಗೆ ಇನ್ನೊಂದು ಹೆಸರಿತ್ತು: EB5426H3JX ಎಂಬುದನ್ನು ನಾವು ‘ಇ ಬಿ ಐವತ್ನಾಲ್ಕು ಇಪ್ಪತ್ತಾರು’ ಎಂದು ಓದುತ್ತಿದ್ದೆವು. ಮೊದಲನೆಯದು ಅಮೆರಿಕದ ವೆಲ್ಡಿಂಗ್ ಸೊಸೈಟಿಯ ಪದ್ಧತಿ, ಎರಡನೆಯದು ನಮ್ಮ ಐ.ಎಸ್. 814ರದ್ದು. ಅದರ 1991ರ ಪರಿಷ್ಕರಣೆ ಆಗ ಚಾಲ್ತಿಯಲ್ಲಿತ್ತು. ಬಿ ಎಂದರೆ ಬೇಸಿಕ್ ಲೇಪ, ಆರ್ ಇದ್ದರೆ ರುಟೈಲು, ಸಿ ಇದ್ದರೆ ಸೆಲ್ಯುಲೋಸು. 5 ಎಂದರೆ ಚದರ ಮಿಲಿಮೀಟರಿಗೆ 510ರಿಂದ 610 ನ್ಯೂಟನ್ ಎಳೆತ ತಡೆಯುವ ಲೋಹ. 4 ಹೇಳುವುದು ಲೋಹ ಎಷ್ಟು ಹಿಗ್ಗುತ್ತದೆ, ಚಳಿಯಲ್ಲಿ ಎಷ್ಟು ಪೆಟ್ಟು ತಿನ್ನುತ್ತದೆ ಎಂಬುದನ್ನು. ಮುಂದಿನ 2, ಮೇಲಿನಿಂದ ಕೆಳಕ್ಕೆ ಎಳೆಯುವ ಬೆಸುಗೆಯೊಂದನ್ನು ಬಿಟ್ಟು ಎಲ್ಲ ಭಂಗಿಗೂ ಆದೀತು ಎಂದು. 6 ಕರೆಂಟಿನದು. ಜೆ ಅಂದರೆ ಕಬ್ಬಿಣದ ಪುಡಿಯಿಂದಾಗಿ ಕರಗಿದ ತಂತಿಗಿಂತ ಹೆಚ್ಚು ಲೋಹ ಕೂರುತ್ತದೆ. ಎಕ್ಸ್ ಇದ್ದರೆ ಎಕ್ಸ್‌ರೇ ಹಿಡಿದರೂ ಸೈ ಎನ್ನಿಸಿಕೊಳ್ಳುವ ದರ್ಜೆ.

ಉಳಿದದ್ದು ಎಚ್. ನೂರು ಗ್ರಾಂ ಬೆಸುಗೆ ಲೋಹದಲ್ಲಿ ಓಡಾಡಿಕೊಂಡಿರುವ ಹೈಡ್ರೋಜನ್ ಎಷ್ಟು ಮಿಲಿಲೀಟರ್ ಎಂಬುದರ ಗುರುತು. ಅಮೆರಿಕದ ಪದ್ಧತಿಯಲ್ಲಿ ಎಚ್4, ಎಚ್8, ಎಚ್16 ಎಂದರೆ ಅಷ್ಟಷ್ಟೇ ಮಿಲಿಲೀಟರ್, ಅಂಕಿ ಚಿಕ್ಕದಾದಷ್ಟೂ ಒಳ್ಳೆಯದು. ನಮ್ಮಲ್ಲಿ ಲೆಕ್ಕ ತಿರುಗುಮುರುಗು. ಎಚ್1 ಅಂದರೆ 15ರವರೆಗೆ, ಎಚ್2 ಅಂದರೆ 10ರವರೆಗೆ, ಎಚ್3 ಅಂದರೆ 5ರವರೆಗೆ. ಇಲ್ಲಿ ದೊಡ್ಡ ಅಂಕಿಯೇ ಒಳ್ಳೆಯ ರಾಡು. ಅನುಭವ ಇದ್ದವರೂ ಇಲ್ಲಿ ಎಡವುವುದನ್ನು ಮುಂದೆ ಎಷ್ಟೋ ಸಲ ನೋಡಿದ್ದೇನೆ. ಎರಡು ಪದ್ಧತಿಗಳಲ್ಲಿ ಒಂದೇ ಅಕ್ಷರ ಹೀಗೆ ಎದುರುಬದುರು ಮಾತಾಡುವುದು ಸರಿಯಲ್ಲ ಎಂದೇ ನನ್ನ ಅಭಿಪ್ರಾಯ. ಕೊಳ್ಳುವವನ ಕೈಗೆ ಸಿಗುವುದು ಆ ಅಕ್ಷರ ಮಾತ್ರ.

ಈ ಹೈಡ್ರೋಜನ್ ಎಲ್ಲಿಂದ ಬರುತ್ತದೆ? ಬಹುಪಾಲು ಲೇಪ ಹೀರಿಕೊಂಡ ತೇವದಿಂದ. ಉರಿಯುವ ಆರ್ಕಿನಲ್ಲಿ ನೀರು ಒಡೆದು ಹೈಡ್ರೋಜನ್ ಪರಮಾಣುಗಳು ಕರಗಿದ ಉಕ್ಕಿನೊಳಗೆ ನುಗ್ಗುತ್ತವೆ. ಉಕ್ಕು ಗಟ್ಟಿಯಾದಾಗ ಅವಕ್ಕೆ ಒಳಗೆ ಜಾಗ ಸಾಲದು. ಆದರೂ ಅವು ಬಹಳ ಸಣ್ಣವು, ಉಕ್ಕಿನೊಳಗೇ ತೆವಳಿಕೊಂಡು ಹೋಗಿ ಬೆಸುಗೆಯ ಅಂಚಿನ ಗಡಸು ಜಾಗದಲ್ಲಿ, ಎಳೆತ ಹೆಚ್ಚಿರುವಲ್ಲಿ ಸೇರಿಕೊಳ್ಳುತ್ತವೆ. ಬೆಸುಗೆ ತಣ್ಣಗಾಗಿ, ವೆಲ್ಡರ್ ಮನೆಗೆ ಹೋಗಿ ಊಟ ಮಾಡಿ ಮಲಗಿದ ಮೇಲೆ, ಕೆಲವೊಮ್ಮೆ ಎರಡು ದಿನ ಬಿಟ್ಟು, ಅಲ್ಲಿ ಬಿರುಕು ಹುಟ್ಟುತ್ತದೆ. ಆಗತಾನೆ ಮುಗಿದ ಬೆಸುಗೆಯನ್ನು ಪರೀಕ್ಷಿಸಿದರೆ ಏನೂ ಕಾಣದು.

ಅದಕ್ಕೇ ಓವನ್ನು. ಪ್ಯಾಕೆಟ್ ಒಡೆದ 7018ಗಳನ್ನು 350 ಡಿಗ್ರಿಯಲ್ಲಿ ಎರಡು ಗಂಟೆ ಬೇಯಿಸಿ, 120ರಲ್ಲಿ ಕಾಯ್ದಿಟ್ಟು, ಅಲ್ಲಿಂದ ವೆಲ್ಡರಿನ ಕೈ ಓವನ್ನಿಗೆ ಹಾಕಿ ಕಳಿಸಬೇಕು. ಹೊರಗೆ ತೆಗೆದ ರಾಡು ನಾಲ್ಕು ಗಂಟೆಯೊಳಗೆ ಉರಿಯಬೇಕು. ಮಲೆನಾಡಿನವನಿಗೆ ಇದು ಹೊಸ ವಿಷಯವೇ ಅಲ್ಲ. ನಮ್ಮ ಮನೆಯಲ್ಲಿ ಆಷಾಢ ಬಂತೆಂದರೆ ಉಪ್ಪಿನ ಮರಿಗೆ ಒಲೆಯ ಪಕ್ಕಕ್ಕೆ ಬರುತ್ತಿತ್ತು. ಹಪ್ಪಳದ ಡಬ್ಬಿ ಹೊಗೆ ಅಟ್ಟಕ್ಕೆ ಏರುತ್ತಿತ್ತು. ಡಬ್ಬಿಯ ಮುಚ್ಚಳ ಸಡಿಲ ಬಿಟ್ಟರೆ ಅಮ್ಮ ಕೊಟ್ಟಿಗೆಯಿಂದಲೇ ಕೂಗುತ್ತಿದ್ದಳು. ಅದನ್ನೆಲ್ಲ ನೋಡಿ ಬೆಳೆದವನೇ ಆ ತಪ್ಪು ಮಾಡಿದೆ.

1994ರ ಜುಲೈ. ಬೆಟ್ಟ ಕಾಣದಂತೆ ಮಳೆ ಹಿಡಿದಿತ್ತು. ರಾತ್ರಿ ಹತ್ತಕ್ಕೆ ಕರೆಂಟು ಹೋಯಿತು. ಡೀಸೆಲ್ ಜನರೇಟರು ಸುರಂಗದ ನೀರೆತ್ತುವ ಪಂಪಿಗೆ ಮೀಸಲು, ಸ್ಟೋರಿಗೆ ಇಲ್ಲ. ಅದಕ್ಕೆ ಸ್ವಲ್ಪ ಮುಂಚೆ ರಾತ್ರಿ ಪಾಳಿಯ ವೆಲ್ಡರೊಬ್ಬರಿಗೆ ರಾಡು ತೆಗೆದುಕೊಟ್ಟಿದ್ದೆ, ಓವನ್ನಿನ ಬಾಗಿಲಿನ ಚಿಲಕ ಸರಿಯಾಗಿ ಕೂರಿಸಿರಲಿಲ್ಲ. ಮೇಜಿಗೆ ತಲೆಯಿಟ್ಟವನು ನಿದ್ದೆಗೆ ಜಾರಿದೆ. ಎಚ್ಚರಾದಾಗ ಬೆಳಗಿನ ಐದೂವರೆ. ಕರೆಂಟು ಯಾವಾಗಲೋ ಬಂದಿತ್ತು. ಓವನ್ನಿನ ಬಾಗಿಲು ಎರಡು ಬೆರಳಿನಷ್ಟು ತೆರೆದಿತ್ತು. ಕೈ ಹಾಕಿ ಮುಟ್ಟಿದೆ, ರಾಡುಗಳು ಉಗುರುಬೆಚ್ಚಗೂ ಇರಲಿಲ್ಲ. ಎರಡು ಗಂಟೆಗೊಮ್ಮೆ ಉಷ್ಣತೆ ಬರೆಯಬೇಕಾದ ರಿಜಿಸ್ಟರಿನಲ್ಲಿ ನಾಲ್ಕು ಸಾಲು ಖಾಲಿ. ಬಾಗಿಲು ಹಾಕಿ, ಪೆನ್ನು ತೆಗೆದು, 120, 120, 120, 120 ಎಂದು ಬರೆದು ಸಹಿ ಹಾಕಿದೆ. ಏಳಕ್ಕೆ ಬಂದ ಪಾಳಿಯವರಿಗೆ ಅದೇ ರಾಡುಗಳನ್ನು ಎಣಿಸಿ ಕೊಟ್ಟೆ.

ಮೂರನೆಯ ದಿನ ಅಲ್ಟ್ರಾಸೋನಿಕ್ ಪರೀಕ್ಷೆ ಮಾಡುವವರು ಒಂದು ಜಾಯಿಂಟಿನ ಮೇಲೆ ಸೀಮೆಸುಣ್ಣದಲ್ಲಿ ಗೀಟು ಎಳೆದರು. ಮತ್ತೆ ಸ್ವಲ್ಪ ದೂರದಲ್ಲಿ ಇನ್ನೊಂದು. ಬೆಸುಗೆಯ ಅಂಚಿನ ಕೆಳಗೆ, ಹೊರಗಿನಿಂದ ಕಾಣದ ಬಿರುಕು. ಸುದ್ದಿ ಸ್ಟೋರಿಗೆ ಬರುವ ಮೊದಲೇ ಮೇಸ್ತ್ರಿ ಬಂದರು. ನನ್ನನ್ನು ಏನೂ ಕೇಳಲಿಲ್ಲ. ರಿಜಿಸ್ಟರು ತೆಗೆದು ಆ ಪುಟದ ಮೇಲೆ ಬೆರಳಿಟ್ಟರು. ನಾಲ್ಕು ಸಾಲಿಗೂ ಒಂದೇ ಶಾಯಿ, ಒಂದೇ ಓರೆ, ಒಂದೇ ಉಸಿರಿನಲ್ಲಿ ಬರೆದ ಅಕ್ಷರ.

‘ಮೀಟರ್ ನೋಡಿ ಬರೆದೆಯಾ?’

‘ಇಲ್ಲ ಮೇಸ್ತ್ರೀ.’

ಬಹಳ ಹೊತ್ತು ಸುಮ್ಮನಿದ್ದರು. ತಗಡಿನ ಮೇಲೆ ಮಳೆಯ ಸದ್ದು. ಆಮೇಲೆ ಹೇಳಿದರು: ‘ಮೋನೇ, ರಾಡಿನ ಮೇಲೆ ಇರೋದು ಕಂಪನಿಯವರು ಬರೆದದ್ದು. ಈ ಪುಸ್ತಕದಲ್ಲಿ ಇರೋದು ನೀನು ಬರೆದದ್ದು. ಒಳಗೆ ಕೂತು ಬೆಸುಗೆ ಹಾಕುವವನು ಎರಡನ್ನೂ ನಂಬ್ತಾನೆ.’

ನನ್ನನ್ನು ಕರೆದುಕೊಂಡು ಹೋಗಿ ಎಂಜಿನಿಯರ ಮುಂದೆ ನಿಲ್ಲಿಸಿ, ಇದನ್ನು ನನ್ನ ಬಾಯಿಂದಲೇ ಹೇಳಿಸಿದರು. ಎಂಜಿನಿಯರು ಬೈಯಲಿಲ್ಲ. ಆ ದಿನ ಕೊಟ್ಟ ರಾಡುಗಳು ಎಲ್ಲೆಲ್ಲಿ ಹೋಗಿವೆ ಎಂದು ಕೇಳಿದರು. ಅದಕ್ಕೆ ಉತ್ತರ ಇನ್ನೊಂದು ರಿಜಿಸ್ಟರಿನಲ್ಲಿತ್ತು. ಯಾರಿಗೆ, ಎಷ್ಟು, ಯಾವ ಜಾಯಿಂಟಿಗೆ, ಎಷ್ಟು ಮೋಟು ವಾಪಸು. ಸದ್ಯ ಅದನ್ನು ನಾನು ಪ್ರಾಮಾಣಿಕವಾಗಿ ಬರೆದಿದ್ದೆ. ಆ ಜಾಗಗಳನ್ನೆಲ್ಲ ಮತ್ತೆ ಪರೀಕ್ಷಿಸಿದರು. ಬಿರುಕಿಗೆ ರಾಡಿನ ತೇವವೊಂದೇ ಕಾರಣವೆಂದು ಯಾರೂ ಬರೆದುಕೊಡಲಿಲ್ಲ, ಆ ಬೆಳಿಗ್ಗೆ ತಟ್ಟೆಯನ್ನು ಮೊದಲೇ ಬಿಸಿ ಮಾಡುವ ಕೆಲಸವೂ ಅವಸರದಲ್ಲಿ ನಡೆದಿತ್ತಂತೆ. ಆ ಮಾತಿನಿಂದ ನನಗೆ ಸಮಾಧಾನವಾಗಲಿಲ್ಲ. ಕಾರ್ಬನ್ ರಾಡಿನಿಂದ ಬೆಸುಗೆಯನ್ನು ಕೊರೆದು ತೆಗೆದು, ಗ್ರೈಂಡಿಂಗ್ ಮಾಡಿ, ಮತ್ತೆ ಕಾಯಿಸಿ ತುಂಬಲು ಐದು ರಾತ್ರಿ ಹಿಡಿಯಿತು. ಐದೂ ರಾತ್ರಿ ಬಿಸಿ ರಾಡು ಹೊತ್ತು ಕೊಳವೆಯೊಳಗೆ ಇಳಿದು ಹತ್ತಿದೆ. ನನ್ನ ಸುಳ್ಳನ್ನು ಸರಿಮಾಡಲು ಮನೆಮಠವಿದ್ದ ಹಿರಿಯರು ಬೆವರಿಳಿಸುವುದನ್ನು ಹತ್ತಿರದಿಂದ ನೋಡಿದೆ.

ಆಮೇಲೆ ಒಣಗಿಸುವುದೇ ನನ್ನ ಧರ್ಮವಾಯಿತು. ಅದು ನನ್ನನ್ನು ಇನ್ನೊಂದು ತಪ್ಪಿಗೆ ಒಯ್ದಿತು. ಮೂರು ವರ್ಷದ ನಂತರ ಬಯಲುಸೀಮೆಯ ಒಂದು ಪೈಪ್‌ಲೈನ್ ಕೆಲಸದಲ್ಲಿದ್ದೆ. ರೂಟ್, ಅಂದರೆ ಜಾಯಿಂಟಿನ ತಳದ ಮೊದಲ ಪದರ, ಹಾಕಲು 6010 ಬಂದಿತ್ತು. ಮಳೆ ನೋಡಿದವನಲ್ಲವೇ, ಅವನ್ನೂ ಓವನ್ನಿನಲ್ಲಿಟ್ಟು ಚೆನ್ನಾಗಿ ಕಾಯಿಸಿದೆ. ಪೈಪ್ ವೆಲ್ಡರು ಅರ್ಧ ಗಂಟೆಯಲ್ಲಿ ರಾಡು ಹಿಡಿದುಕೊಂಡು ಬಂದರು. ಆರ್ಕಿಗೆ ತಳ್ಳುವ ಬಲವೇ ಇಲ್ಲ, ರೂಟ್ ಆಚೆಗೆ ಇಳಿಯುತ್ತಿಲ್ಲ. ಸೆಲ್ಯುಲೋಸಿನ ಲೇಪಕ್ಕೆ ಒಂದಿಷ್ಟು ತೇವ ಇರಲೇಬೇಕು, ಅದರ ಜೋರೇ ಆ ನಾರು ಮತ್ತು ನೀರಿನಿಂದ ಹೊಮ್ಮುವ ಅನಿಲ. ಒಂದಕ್ಕೆ ವಿಷವಾದದ್ದು ಇನ್ನೊಂದಕ್ಕೆ ಆಹಾರ. ಕೊನೆಯ ಎರಡು ಅಂಕಿಗಳನ್ನು ಸೇರಿಸಿ ಓದು ಎಂದು ಮೇಸ್ತ್ರಿ ಹೇಳಿದ್ದು ಅಲ್ಲಿ, ಆ ಒಣಗಿದ ಕಟ್ಟನ್ನು ಪಕ್ಕಕ್ಕಿಡುವಾಗ, ಪೂರ್ತಿ ಅರ್ಥವಾಯಿತು.

ಅಲ್ಲಿಂದ ಬೆಂಗಳೂರಿನ ಪೀಣ್ಯ. ದೊಡ್ಡ ಟ್ಯಾಂಕುಗಳಿಗೆ ಸಬ್‌ಮರ್ಜ್ಡ್ ಆರ್ಕ್ ಬೆಸುಗೆ ಹಾಕುವ ಶೆಡ್ಡು. ಅಲ್ಲಿ ಲೇಪ ತಂತಿಯ ಮೈಮೇಲೆ ಇರುವುದಿಲ್ಲ. ಬರಿ ತಂತಿ ಸುರುಳಿಯಿಂದ ಇಳಿಯುತ್ತದೆ, ಫ್ಲಕ್ಸು ಚೀಲದಲ್ಲಿ ಬೇರೆ ಬರುತ್ತದೆ. ನೋಡಲು ದಪ್ಪ ರವೆ. ಜಾಯಿಂಟಿನ ಮೇಲೆ ಅದನ್ನು ಸುರಿದು, ಅದರಡಿಯಲ್ಲೇ ಆರ್ಕ್ ಉರಿಸುತ್ತಾರೆ. ಬೆಳಕೇ ಕಾಣದ ಬೆಸುಗೆ. ಚೀಲದ ಮೇಲಿನ ಹೆಸರು ಎಫ್7ಎ2-ಇಎಂ12ಕೆ. ಎಫ್ ಫ್ಲಕ್ಸು. 7 ಮತ್ತೆ ಅದೇ 70,000 ಪೌಂಡು. ಎ ಅಂದರೆ ಬೆಸೆದ ಮೇಲೆ ಮತ್ತೆ ಕಾಯಿಸದ ಲೋಹ, ಪಿ ಇದ್ದರೆ ಕುಲುಮೆಯಲ್ಲಿ ಕಾಯಿಸಿದ್ದು. 2 ಎಂದರೆ ಸೊನ್ನೆಗಿಂತ 29 ಡಿಗ್ರಿ ಸೆಲ್ಸಿಯಸ್ ಕೆಳಗಿನ ಚಳಿಯಲ್ಲೂ 27 ಜೂಲ್ ಪೆಟ್ಟು ತಡೆಯಬೇಕು. ಅಡ್ಡಗೆರೆಯ ಆಚೆಗಿರುವುದು ತಂತಿಯ ಹೆಸರು: ಮಧ್ಯಮ ಮ್ಯಾಂಗನೀಸು, ಸುಮಾರು 0.12 ಶೇಕಡಾ ಇಂಗಾಲ, ಸಿಲಿಕಾನ್ ಸೇರಿಸಿದ ಉಕ್ಕು.

ಫ್ಲಕ್ಸಿಗೆ ಒಂಟಿ ಹೆಸರಿಲ್ಲ ಎಂಬುದು ನನಗೆ ಬಹಳ ಹಿಡಿಸಿತು. ಅದೇ ಚೀಲದ ಫ್ಲಕ್ಸನ್ನು ಬೇರೆ ತಂತಿಯ ಜೊತೆ ಸೇರಿಸಿದರೆ ಬರುವ ಲೋಹ ಬೇರೆ, ದರ್ಜೆಯೂ ಬೇರೆ. ಇಬ್ಬರೂ ಸೇರಿ ಮಾಡಿದ ಅಡುಗೆಗೆ ಒಬ್ಬರ ಹೆಸರು ಹೇಳಿದರೆ ಹೇಗೆ? ಕಾರ್ಖಾನೆಯಲ್ಲಿ ಕರಗಿಸಿ ಒಡೆದ ಗಾಜಿನಂಥ ಫ್ಲಕ್ಸಿನ ಕಾಳು ತೇವ ಹೀರುವುದು ಕಡಿಮೆ. ಅಂಟು ಕಲಸಿ ಉಂಡೆಗಟ್ಟಿಸಿದ ಫ್ಲಕ್ಸು ಹಪ್ಪಳದ ಜಾತಿ, ಅದಕ್ಕೂ ಓವನ್ನು ಬೇಕೇ ಬೇಕು. ಉರಿಯದೆ ಉಳಿದದ್ದನ್ನು ಹೀರಿಕೊಂಡು ಮತ್ತೆ ಬಳಸುವಾಗ ಜರಡಿ ಹಿಡಿಯದಿದ್ದರೆ ಸ್ಲ್ಯಾಗಿನ ಚೂರು, ಧೂಳು ಸೇರಿಕೊಂಡು ಹೆಸರು ಹೆಸರಿಗೆ ಮಾತ್ರ ಉಳಿಯುತ್ತದೆ.

ಅಲ್ಲಿನ ಹುಡುಗರಿಗೆ ನಾನು ಮೊದಲು ಹೇಳಿಕೊಡುತ್ತಿದ್ದದ್ದು ‘ಇಆರ್’ ಎಂಬ ಎರಡಕ್ಷರ. ನಮ್ಮ ಐ.ಎಸ್. ರಾಡಿನ ಮೇಲೆ ಇದ್ದರೆ ಆರ್ ಅಂದರೆ ರುಟೈಲು. ಮಿಗ್ ತಂತಿಯ ಸುರುಳಿಯ ಮೇಲೆ ಇಆರ್70ಎಸ್-6 ಎಂದಿದ್ದರೆ ಆರ್ ಅಂದರೆ ಬರಿ ಕಡ್ಡಿಯಾಗಿಯೂ ಬಳಸಬಹುದಾದದ್ದು, ಎಸ್ ಅಂದರೆ ಟೊಳ್ಳಲ್ಲದ ಗಟ್ಟಿ ತಂತಿ. ಅಕ್ಷರ ಒಂದೇ, ಮನೆ ಬೇರೆ.

2001ರಲ್ಲಿ ತರಬೇತಿಗೆಂದು ತಿರುಚಿರಾಪಳ್ಳಿಗೆ ಹೋದೆ. ಅಲ್ಲಿ 1975ರಿಂದ ವೆಲ್ಡಿಂಗ್ ಸಂಶೋಧನಾ ಸಂಸ್ಥೆ ಇದೆ, ಬೆಸುಗೆಯ ಕೆಲಸದವರಿಗೆ ಆ ಊರೇ ಒಂದು ಪಾಠಶಾಲೆ. ಮೆಲ್ಬೋರ್ನಿನ ಕಿಂಗ್ ಸ್ಟ್ರೀಟ್ ಸೇತುವೆಯ ಕಥೆಯನ್ನು ಆ ತರಬೇತಿಯಲ್ಲೇ ಕೇಳಿದ್ದು. 1961ರ ಏಪ್ರಿಲಿನಲ್ಲಿ ತೆರೆದ ಸೇತುವೆ, 1962ರ ಜುಲೈ 10ರ ಚಳಿಯ ಬೆಳಿಗ್ಗೆ ಭಾರದ ಲಾರಿಯೊಂದು ಹೋಗುವಾಗ ತೊಲೆಗಳು ಬಿರಿದು ಅದರ ಒಂದು ಭಾಗ ಕುಸಿಯಿತು. ಯಾರೂ ಸಾಯಲಿಲ್ಲ. ಬೆಸುಗೆಯ ಅಂಚಿನ ಬಿರುಕುಗಳಲ್ಲಿ ಕೆಲವು ತೊಲೆ ಕಾರ್ಖಾನೆಯಲ್ಲಿದ್ದಾಗಲೇ ಹುಟ್ಟಿ, ಬಣ್ಣದ ಕೆಳಗೆ ಕೂತಿದ್ದವು. ತರಗತಿಯಲ್ಲಿ ಎಲ್ಲರೂ ಟಿಪ್ಪಣಿ ಬರೆದುಕೊಳ್ಳುತ್ತಿದ್ದರು. ನನ್ನ ಕಿವಿಯಲ್ಲಿ ತಗಡಿನ ಮೇಲಿನ ಮಳೆ ಕೇಳಿಸುತ್ತಿತ್ತು.

ಮಾರನೆಯ ದಿನ ಪ್ರಯೋಗ. ಎರಡು ಚಿಕ್ಕ ಉಕ್ಕಿನ ತುಂಡುಗಳಿಗೆ 7018ರಿಂದ ಒಂದೊಂದು ಬೆಸುಗೆ ಎಳೆದರು. ಒಂದಕ್ಕೆ 350 ಡಿಗ್ರಿಯಲ್ಲಿ ಬೆಂದ ರಾಡು, ಇನ್ನೊಂದಕ್ಕೆ ರಾತ್ರಿಯಿಡೀ ತೇವದಲ್ಲಿಟ್ಟ ರಾಡು. ಎರಡನ್ನೂ ತಕ್ಷಣ ಮಂಜುಗಡ್ಡೆಯ ನೀರಿಗೆ ಅದ್ದಿ, ಸ್ವಚ್ಛ ಮಾಡಿ, 45 ಡಿಗ್ರಿ ಬೆಚ್ಚಗಿನ ಗ್ಲಿಸರಿನ್ ತುಂಬಿದ ಗಾಜಿನ ಕೊಳವೆಗಳ ಕೆಳಗೆ ಇಟ್ಟರು. ಕರಾರುವಾಕ್ಕಾದ ಅಳತೆಗೆ ಪಾದರಸವೇ ಸರಿ, ಗ್ಲಿಸರಿನ್ ಸ್ವಲ್ಪ ಕಡಿಮೆ ತೋರಿಸುತ್ತದೆ, ಆದರೆ ಕಣ್ಣಿಗೆ ಕಾಣುವುದು ಇದರಲ್ಲಿ ಎಂದರು ಹೇಳಿಕೊಡುವವರು.

ಕಂಡಿತು. ಒದ್ದೆ ರಾಡಿನ ತುಂಡಿನ ಮೈಯಿಂದ ಸಾಸಿವೆ ಕಾಳಿಗಿಂತ ಸಣ್ಣ ಗುಳ್ಳೆಗಳು ಒಂದೊಂದಾಗಿ ಬಿಡಿಸಿಕೊಂಡು ಮೇಲೇರುತ್ತಿದ್ದವು. ಗಟ್ಟಿ ಉಕ್ಕು, ಒಳಗಿನಿಂದ ಉಸಿರು ಬಿಡುತ್ತಿತ್ತು. ಪಕ್ಕದ ಕೊಳವೆಯಲ್ಲಿ ಬಹಳ ಹೊತ್ತಿಗೊಂದು. ಉಳಿದವರು ಚಹಾಕ್ಕೆ ಹೋದರು, ಊಟಕ್ಕೆ ಹೋದರು. ನಾನು ಸ್ಟೂಲು ಎಳೆದುಕೊಂಡು ಅಲ್ಲೇ ಕುಳಿತೆ. ಏಳು ವರ್ಷದ ಹಿಂದೆ ಆ ಕೊಳವೆಯೊಳಗೆ ನಾನು ಕಳಿಸಿದ್ದು ಇದನ್ನೇ. ಸಂಜೆಯಾದರೂ ಗುಳ್ಳೆ ನಿಂತಿರಲಿಲ್ಲ. ರಾತ್ರಿ ನೋಡಿಕೊಳ್ಳಲು ಯಾರಾದರೂ ಬೇಕೆಂದಾಗ ನಾನೇ ಇರುತ್ತೇನೆ ಎಂದೆ.

ಪಕ್ಕದಲ್ಲಿ ಒಂದು ರಿಜಿಸ್ಟರು ಇತ್ತು. ಗಂಟೆ, ಉಷ್ಣತೆ, ಮಿಲಿಲೀಟರ್, ಸಹಿ. ಎರಡು ಗಂಟೆಗೊಮ್ಮೆ ಎದ್ದು, ಥರ್ಮಾಮೀಟರಿಗೆ ಟಾರ್ಚು ಹಿಡಿದು, ಗಾಜಿನ ಗೆರೆಗೆ ಕಣ್ಣು ಸಮ ಮಾಡಿ ನೋಡಿ ಬರೆದೆ. ಎರಡು ಗಂಟೆಗೆ 45. ನಾಲ್ಕು ಗಂಟೆಗೆ 44. ಆರಕ್ಕೆ ಮತ್ತೆ 45.